ಹೊರಗಿನ ಕಟ್ಟಿಗೆಗೆ ಏನು ಹಚ್ಚಬೇಕು: ಅಗಸಿ ಎಣ್ಣೆ, ಬಣ್ಣ, ವಾರ್ನಿಶ್ ಎದುರುಬದುರು

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಅಜ್ಜ ಕಟ್ಟಿಸಿದ ಹಂಚಿನ ಮನೆ. ಪಶ್ಚಿಮದ ಮಗ್ಗುಲಲ್ಲಿ, ಹಂಚಿನ ಇಳಿಜಾರಿನ ಕೆಳಗೆ ಉಳಿಯುವ ತ್ರಿಕೋನದ ಜಾಗಕ್ಕೆ ಗೋಡೆ ಎಬ್ಬಿಸದೆ ಸಾಗವಾನಿ ಹಲಗೆಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಹತ್ತಿಸಿ ಬಡಿದಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಕಡೆಯಿಂದ ಬೀಸುವ ಮಳೆ ನೇರವಾಗಿ ಬಂದು ಬಡಿಯುವುದು ಅದೇ ಹಲಗೆಗಳಿಗೆ.

ಆರು ವರ್ಷದ ಹಿಂದೆ ದೀಪಾವಳಿ ಮುಗಿದ ಮೇಲೆ ಅವಕ್ಕೆ ಹೊಳೆಯುವ ವಾರ್ನಿಶ್ ಹೊಡೆಸಿದೆ. ಎರಡು ಕೈ. ಹೊಡೆದವರು "ಐದು ವರ್ಷ ಹೊಳ್ಳಿ ನೋಡಬ್ಯಾಡ್ರಿ" ಅಂದಿದ್ದರು. ಓಣಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಚೆಂದ ಕಂಡಿತ್ತು. ಮೊದಲ ಮಳೆಗಾಲ ಕಳೆಯಿತು. ಎರಡನೆಯ ಮಳೆಗಾಲದ ನಡುವೆ ಕೆಳಗಿನ ಸಾಲಿನ ಹಲಗೆಗಳ ಅಂಚಿನಲ್ಲಿ ಬಿಳಿಚಿದ ಕಲೆ ಕಾಣಿಸಿತು. ಗಣಪತಿ ಹಬ್ಬದ ಹೊತ್ತಿಗೆ ಅದು ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಏಳತೊಡಗಿತು. ಉಗುರಿನಿಂದ ಎಬ್ಬಿಸಿದರೆ ಅಂಗೈ ಅಗಲದ ಪೊರೆ ಕೈಗೆ ಬಂತು. ತಿರುವಿ ನೋಡಿದರೆ ಒಳಬದಿಗೆ ಕಟ್ಟಿಗೆಯ ಬೂದಿ ಬಣ್ಣದ ನಾರು ಅಂಟಿಕೊಂಡಿತ್ತು. ವಾರ್ನಿಶ್ ತಾನು ಹೋಗುವಾಗ ಕಟ್ಟಿಗೆಯ ಚರ್ಮವನ್ನೂ ಕಿತ್ತುಕೊಂಡು ಹೋಗುತ್ತಿತ್ತು.

ಆ ಪೊರೆಯನ್ನು ಏಣಿಯ ಮೇಲೆ ನಿಂತು ಕೆರೆದು ತೆಗೆಯಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನದಲ್ಲಿ ನನಗೆ ಮನದಟ್ಟಾದ ಮಾತು ಇದು: ಹೊರಗಿನ ಕಟ್ಟಿಗೆಗೆ ಹಚ್ಚುವ ಯಾವುದೇ ಆಗಲಿ, ಒಂದು ದಿನ ಸೋಲುತ್ತದೆ. ಆರಿಸುವಾಗ ಅದು ಹಚ್ಚಿದ ದಿನ ಹೇಗೆ ಹೊಳೆಯುತ್ತದೆ ಎಂದು ನೋಡಬೇಡಿ. ಅದು ಹೇಗೆ ಸೋಲುತ್ತದೆ, ಸೋತ ಮೇಲೆ ಮತ್ತೆ ಹಚ್ಚಲು ನಾನು ಏನೇನು ಪಾಡು ಪಡಬೇಕು ಎಂದು ಕೇಳಿ. ಅಂಗಡಿಯವರಾಗಲಿ, ಬಣ್ಣ ಹೊಡೆಯುವವರಾಗಲಿ ತಾವಾಗಿ ಇದನ್ನು ಹೇಳುವುದಿಲ್ಲ. ಮುಂದೆ ಬರೆದಿರುವ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡೇ ಇದೆ.

ಮೊದಲು ದಬ್ಬಣ, ಆಮೇಲೆ ಬ್ರಶ್

ಹಲಗೆ ಬೂದಿ ಬಣ್ಣಕ್ಕೆ ತಿರುಗಿತೆಂದರೆ ಕೊಳೆಯಿತು ಎಂದು ಬಹಳ ಜನ ಹೆದರುತ್ತಾರೆ. ಇವೆರಡೂ ಬೇರೆ ಬೇರೆ. ಕಟ್ಟಿಗೆಯ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟನ್ನು ಬಿಸಿಲಿನ ನೇರಳಾತೀತ ಕಿರಣ ಒಡೆಯುತ್ತದೆ, ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ, ಮೇಲೆ ಬಣ್ಣಗೆಟ್ಟ ನಾರು ಉಳಿಯುತ್ತದೆ. ಇದು ಮೇಲ್ಮೈಯ ಮಾತು. ದೇವದಾರು ಜಾತಿಯ ಮೆತ್ತನೆ ಕಟ್ಟಿಗೆ ಕೂಡ ಏನನ್ನೂ ಹಚ್ಚದೆ ಬಿಸಿಲು ಮಳೆಗೆ ಒಡ್ಡಿದರೆ ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಮಾತ್ರ ಸವೆಯುತ್ತದೆ. ಗಟ್ಟಿ ಕಟ್ಟಿಗೆ ಇನ್ನೂ ಕಡಿಮೆ.

ಕೊಳೆಯುವುದು ಶಿಲೀಂಧ್ರದ ಕೆಲಸ. ಅದಕ್ಕೆ ಬೇಕಾದದ್ದು ಆರದೆ ನಿಂತ ತೇವ. ಕಟ್ಟಿಗೆಯಲ್ಲಿ ತೇವ ನೂರಕ್ಕೆ 20ರ ಒಳಗಿದ್ದರೆ ಕೊಳೆ ಹತ್ತುವುದಿಲ್ಲ. ಹಾಗಾಗಿ ಮನೆಯಲ್ಲಿರುವ ದಬ್ಬಣ ತೆಗೆದುಕೊಳ್ಳಿ. ಹಲಗೆಗಳ ಕೆಳ ಅಂಚು, ಚೌಕಟ್ಟು ನೆಲ ಮುಟ್ಟುವ ಜಾಗ, ಹೊಸ್ತಿಲಿನ ಎರಡು ತುದಿ, ಕಿಡಕಿಯ ಕೆಳಗಟ್ಟು, ಇಷ್ಟು ಕಡೆ ಚುಚ್ಚಿ ನೋಡಿ. ಬೆಲ್ಲದ ಪೆಂಟೆಗೆ ಚುಚ್ಚಿದಂತೆ ತಡೆದು ನಿಂತರೆ ಕಟ್ಟಿಗೆ ಗಟ್ಟಿಯಿದೆ. ನಾದಿದ ರೊಟ್ಟಿ ಹಿಟ್ಟಿಗೆ ಚುಚ್ಚಿದಂತೆ ಇಳಿದರೆ ಅಲ್ಲಿಗೆ ಯಾವ ಎಣ್ಣೆಯೂ ಬಣ್ಣವೂ ಬೇಡ, ಬಡಿಗೇರರನ್ನು ಕರೆಸಿ ಆ ತುಂಡನ್ನು ಕತ್ತರಿಸಿ ಹೊಸದು ಕೂಡಿಸಿ. ಕೊಳೆತದ್ದರ ಮೇಲೆ ಬಣ್ಣ ಬಳಿಯುವುದು ಒಳಗಿನ ತೇವಕ್ಕೆ ಬೀಗ ಹಾಕಿದ ಹಾಗೆ.

ಹಳೆಯ ಲೇಪ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ಬೊಗಸೆ ನೀರು ಚಿಮುಕಿಸಿದರೆ ಸಾಕು. ಹನಿ ಮಣಿಯಾಗಿ ನಿಂತರೆ ಈ ವರ್ಷ ಬಿಡಬಹುದು. ನಿಮಿಷದೊಳಗೆ ಇಂಗಿ ಹಲಗೆ ಕಪ್ಪಗಾದರೆ ಸಮಯ ಬಂದಿದೆ.

ಅಗಸಿ ಎಣ್ಣೆ

ನಮ್ಮ ಕಡೆಯವರಿಗೆ ಅಗಸಿ ಎಂದರೆ ಮೊದಲು ನೆನಪಾಗುವುದು ರೊಟ್ಟಿಯ ಜೊತೆಗಿನ ಹಿಂಡಿ. ಅದೇ ಬೀಜದ ಎಣ್ಣೆ ಕಟ್ಟಿಗೆಗೆ ಜಗತ್ತಿನಾದ್ಯಂತ ಶತಮಾನಗಳಿಂದ ಹಚ್ಚುತ್ತ ಬಂದದ್ದು. ಇದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವ ಎಣ್ಣೆ. ಎಲ್ಲ ಎಣ್ಣೆಗೂ ಈ ಗುಣ ಇಲ್ಲ. ಮನೆಯಲ್ಲಿ ಒಂದು ಗಾಜಿನ ತುಂಡಿನ ಮೇಲೆ ಅಗಸಿ, ಕುಸುಬಿ, ಶೇಂಗಾ ಮೂರು ಎಣ್ಣೆಯ ಒಂದೊಂದು ಹನಿ ತೆಳ್ಳಗೆ ಸವರಿ ಕಿಡಕಿಯಲ್ಲಿ ಇಟ್ಟಿದ್ದೆ. ಅಗಸಿ ಮೊದಲು ಕೆನೆ ಕಟ್ಟಿತು. ಕುಸುಬಿ ಅದರ ಹಿಂದೆ, ನಿಧಾನವಾಗಿ. ಶೇಂಗಾ ಎಣ್ಣೆ ತಿಂಗಳಾದರೂ ಬೆರಳಿಗೆ ಹಸಿಯಾಗಿಯೇ ಹತ್ತುತ್ತಿತ್ತು. ಹಬ್ಬಕ್ಕೆ ತಲಬಾಗಿಲಿಗೆ ಶೇಂಗಾ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಒರೆಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ನಾಲ್ಕು ದಿನ ಮಿಂಚುತ್ತದೆ, ಆಮೇಲೆ ಧೂಳು ಹಿಡಿದು ಜಿಗುಟಾಗುತ್ತದೆ. ಅದಕ್ಕೆ ಕಾರಣ ಇದೇ. ಕುಸುಬಿ ಎಣ್ಣೆಗೆ ಒಂದು ಒಳ್ಳೆಯ ಗುಣ ಇದೆ, ಅಗಸಿಯಷ್ಟು ಹಳದಿಗಟ್ಟುವುದಿಲ್ಲ. ತಿಳಿ ಬಣ್ಣದ ಕಟ್ಟಿಗೆ ಇದ್ದವರು, ಕಾಯುವ ತಾಳ್ಮೆ ಇದ್ದರೆ, ಬಳಸಬಹುದು.

ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಅಗಸಿ ಎಣ್ಣೆ ಕೇಳಿ ತನ್ನಿ. ಗಾಣದ ಹಸಿ ಎಣ್ಣೆ ಒಣಗಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಬಾಯಿಲ್ಡ್ ಅನ್ನುವುದರಲ್ಲಿ ಬೇಗ ಒಣಗಿಸುವ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಇದನ್ನು ಅಡುಗೆ ಮನೆಯ ಹತ್ತಿರ ಇಡಬೇಡಿ, ತಿನ್ನುವ ಎಣ್ಣೆ ಅಲ್ಲ.

ಹಚ್ಚುವ ರೀತಿಯಲ್ಲಿಯೇ ಅರ್ಧ ಗುಟ್ಟಿದೆ. ಮೊದಲ ಕೈಗೆ ಎಣ್ಣೆ ಮತ್ತು ಟರ್ಪೆಂಟೈನ್ ಸಮಸಮ ಕೂಡಿಸಿ ತೆಳುಮಾಡಿ, ಕಟ್ಟಿಗೆ ಕುಡಿಯುವಷ್ಟು ಕುಡಿಸಿ. ಒಣಗಿ ಬಾಯಾರಿದ ಹಳೆ ಹಲಗೆ ಕುಡಿಯುವುದನ್ನು ನೋಡಿದರೆ ಕನಿಕರ ಬರುತ್ತದೆ. ನಮ್ಮ ತ್ರಿಕೋನದ ಹಲಗೆಗಳು ಸುಮಾರು ನೂರು ಚದರ ಅಡಿ, ಮೊದಲ ಕೈಗೇ ಒಂದೂವರೆ ಲೀಟರ್ ಎಳೆದುಕೊಂಡವು. ಅರ್ಧ ಗಂಟೆ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಹಳೆ ಧೋತರದ ತುಂಡಿನಿಂದ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟವರ ಮನೆಯ ಹಲಗೆಗಳೇ ಜಿಗುಟಾಗಿ, ಕೆಂಪು ಧೂಳು ಮೆತ್ತಿಕೊಂಡು ನಿಲ್ಲುವುದು. ಎರಡು ಮೂರು ದಿನ ಬಿಟ್ಟು ಎರಡನೆಯ ಕೈ. ಅಂಗೈ ಒತ್ತಿ ಎತ್ತಿದರೆ ಚರ್ಮ ಎಳೆಯಬಾರದು, ಆಗ ಒಣಗಿದೆ ಎಂದು ಅರ್ಥ.

ಒರೆಸಿದ ಬಟ್ಟೆಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಮನೆ ಸುಟ್ಟುಹೋಗುವ ಅಪಾಯ ಇದೆ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಹಲಗೆಯ ಮೇಲೆ ಆ ಬಿಸಿ ಗಾಳಿಗೆ ಹೋಗುತ್ತದೆ, ಮುದ್ದೆ ಮಾಡಿ ಎಸೆದ ಬಟ್ಟೆಯಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ, ಕಿಡಿ ತಾಕದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮೊದಲ ಸಲ ನಾನು ಬಟ್ಟೆಗಳನ್ನು ಬಕೆಟ್ಟಿನಲ್ಲಿ ಒತ್ತಿ ಇಟ್ಟು ಊಟಕ್ಕೆ ಹೋಗಿದ್ದೆ. ತಿರುಗಿ ಬಂದು ಕೈ ಹಾಕಿದರೆ ನಡುವಿನ ಬಟ್ಟೆ ಈಗಷ್ಟೇ ಇಸ್ತ್ರಿ ಮಾಡಿದಷ್ಟು ಬಿಸಿ, ಸುಟ್ಟ ಒಗ್ಗರಣೆಯಂಥ ವಾಸನೆ. ಅಂದಿನಿಂದ ಪ್ರತಿ ಬಟ್ಟೆಯನ್ನೂ ಅಂಗಳದ ತಂತಿಯ ಮೇಲೆ ಒಂದೊಂದೇ ಹರವಿ ಒಣಗಿಸುತ್ತೇನೆ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕುತ್ತೇನೆ.

ಎಣ್ಣೆಯ ದೋಷಗಳು ಎರಡು. ಬರೀ ಎಣ್ಣೆ ಬಿಸಿಲನ್ನು ತಡೆಯುವುದಿಲ್ಲ, ಬಣ್ಣ ಇಲ್ಲದ ಯಾವುದೂ ಪೂರ್ತಿ ತಡೆಯುವುದಿಲ್ಲ. ಎರಡನೆಯದು, ಬೆಳಗಾವಿ ಖಾನಾಪುರದಂಥ ತೇವದ ಊರಲ್ಲಿ ಅಗಸಿ ಎಣ್ಣೆ ಬೂಷ್ಟಿಗೆ ಊಟ. ಮಳೆಗಾಲ ಮುಗಿಯುವ ಹೊತ್ತಿಗೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ ಏಳುತ್ತವೆ. ಬಿಸಿಲಿಗೆ ಪರಿಹಾರ ಕಾವಿ. ಕಬ್ಬಿಣದ ಆಕ್ಸೈಡಿನ ಆ ಕೆಂಪು ಪುಡಿ ಸ್ವಲ್ಪ ಕೂಡಿಸಿದರೆ ಕಿರಣಗಳು ಕಟ್ಟಿಗೆಗೆ ತಾಕುವ ಮೊದಲೇ ತಡೆಯಲ್ಪಡುತ್ತವೆ, ಬಣ್ಣವೂ ಹಳೆ ಮನೆಗೆ ಒಪ್ಪುತ್ತದೆ. ಬೂಷ್ಟಿಗೆ ಪರಿಹಾರ ಅಂಗಡಿಯ ಹೊರಾಂಗಣದ ವುಡ್ ಸ್ಟೇನ್. ಇದೂ ಒಳಗಿಳಿಯುವ ಜಾತಿಯದೇ. ಎಣ್ಣೆಯ ಜೊತೆ ಬಣ್ಣ, ಬೂಷ್ಟು ತಡೆಯುವ ಔಷಧಿ ಎರಡನ್ನೂ ಕೂಡಿಸಿ ಮಾರುತ್ತಾರೆ. ಡಬ್ಬಿಯ ಮೇಲೆ ಎಕ್ಸ್‌ಟೀರಿಯರ್ ಎಂದು ಇರಲೇಬೇಕು. ಅಗಸಿ ಎಣ್ಣೆಗಿಂತ ತುಟ್ಟಿ, ಆದರೆ ಘಟ್ಟದ ಮಳೆ ಬೀಳುವ ಕಡೆ ಆ ಹೆಚ್ಚಿನ ದುಡ್ಡಿಗೆ ಅರ್ಥ ಇದೆ.

ಇನ್ನು ಇದು ಸೋಲುವ ರೀತಿ. ಸಿಪ್ಪೆ ಏಳುವುದಿಲ್ಲ, ಪೊರೆಯೇ ಇಲ್ಲವಲ್ಲ. ಬರೀ ಮಸುಕಾಗುತ್ತದೆ. ಮತ್ತೆ ಹಚ್ಚಲು ಕೆರೆಯುವುದು ಬೇಡ. ಮೆತ್ತನೆ ಬ್ರಶ್ಶಿನಿಂದ ಸಾಬೂನು ನೀರಿನಲ್ಲಿ ತೊಳೆದು, ಎರಡು ಮೂರು ದಿನ ಒಣಗಿಸಿ, ಇನ್ನೊಂದು ಕೈ ಒರೆಸಿದರೆ ಮುಗಿಯಿತು. ನಮ್ಮ ಪಶ್ಚಿಮದ ಮಗ್ಗುಲಿಗೆ ಎರಡು ವರ್ಷಕ್ಕೊಮ್ಮೆ ಒಂದೂವರೆ ದಿನದ ಕೆಲಸ. ಹನ್ನೊಂದು ದಿನದ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ.

ಬಣ್ಣ

ಕಟ್ಟಿಗೆಯನ್ನು ಬಿಸಿಲಿನಿಂದ ಪೂರ್ತಿ ಮುಚ್ಚುವುದು ಬಣ್ಣ ಒಂದೇ. ಸರಿಯಾಗಿ ಹೊಡೆದ ಬಣ್ಣ ಉಳಿದೆಲ್ಲಕ್ಕಿಂತ ಹೆಚ್ಚು ವರ್ಷ ಬಾಳುತ್ತದೆ, ಇದನ್ನು ಒಪ್ಪಲೇಬೇಕು. ಕಟ್ಟಿಗೆಯ ಎಳೆ ಕಾಣುವುದಿಲ್ಲ ಎನ್ನುವುದೊಂದೇ ಬೇಸರ. ಮತ್ತಿ, ನಂದಿಯಂಥ ಕಟ್ಟಿಗೆಗೆ, ಅಥವಾ ಅಲ್ಲಲ್ಲಿ ತೇಪೆ ಹಾಕಿದ ಚೌಕಟ್ಟಿಗೆ ಬಣ್ಣವೇ ಮೇಲು. ಕಂಡು ಮೆಚ್ಚುವ ಎಳೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಆಯಿಲ್ ಪೇಂಟ್ ಮತ್ತು ಹೊರಾಂಗಣದ ಅಕ್ರಿಲಿಕ್ ಎರಡರಲ್ಲಿ ನನ್ನ ಒಲವು ಅಕ್ರಿಲಿಕ್ ಕಡೆಗೆ. ಆಯಿಲ್ ಪೇಂಟ್ ವರ್ಷ ಕಳೆದಂತೆ ಗಾಜಿನ ಹಾಗೆ ಪೆಡಸಾಗುತ್ತದೆ. ಕಟ್ಟಿಗೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಸೊರಗುವಾಗ ಅದು ಜೊತೆಗೆ ಹಿಗ್ಗಲಾರದೆ ಬಿರಿಯುತ್ತದೆ. ಅಕ್ರಿಲಿಕ್ ಹಿಗ್ಗುತ್ತದೆ, ಒಳಗಿನ ಆವಿಯನ್ನೂ ಸ್ವಲ್ಪ ಹೊರಗೆ ಬಿಡುತ್ತದೆ. ಕೆಳಗೆ ಮಾತ್ರ ವುಡ್ ಪ್ರೈಮರ್ ಬೇಕು, ಇಲ್ಲದಿದ್ದರೆ ಕಟ್ಟಿಗೆಯ ಕಂದು ರಸ ಮೇಲಿನ ಬಣ್ಣದಲ್ಲಿ ಚಹಾದ ಕಲೆಯಂತೆ ಮೂಡುತ್ತದೆ. ಸಾಗವಾನಿಗೆ ತನ್ನದೇ ಎಣ್ಣೆ ಇರುವುದರಿಂದ ಪ್ರೈಮರ್ ಹಚ್ಚುವ ಮೊದಲು ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿಕೊಳ್ಳಿ.

ಬಣ್ಣ ಸೋಲುವುದು ಹೆಚ್ಚಾಗಿ ಹಿಂದಿನಿಂದ. ಹಂಚು ಸೋರಿ ಹಲಗೆಯ ಬೆನ್ನಿಗೆ ನೀರು ಇಳಿದರೆ ಆ ನೀರು ಬಿಸಿಲಿಗೆ ಆವಿಯಾಗಿ ಮುಂದಿನ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಆಗ ಬಣ್ಣವನ್ನು ಬೈದು ಪ್ರಯೋಜನವಿಲ್ಲ, ಮೊದಲು ಹಂಚು ನೋಡಿಸಿ. ಹಲಗೆ ಬಿಚ್ಚುವ ಸಂದರ್ಭ ಬಂದರೆ ಬೆನ್ನಿಗೂ ಒಂದು ಕೈ ಪ್ರೈಮರ್ ಹೊಡೆದೇ ಮತ್ತೆ ಬಡಿಯಿರಿ.

ಹಳೆ ಬಣ್ಣ ಕೆರೆಯುವವರಿಗೆ ಎಚ್ಚರಿಕೆ. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಪಾಲಿನ ಮಿತಿ ಕಡ್ಡಾಯವಾದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಆಯಿಲ್ ಪೇಂಟಿನಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಬೇಕು. ಒಣಗಿದ್ದನ್ನು ಮಶೀನಿನಿಂದ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಕೈಯಿಂದ ಕೆರೆಯಿರಿ, ಕೆಳಗೆ ತಾಡಪತ್ರಿ ಹಾಸಿ, ಮಕ್ಕಳನ್ನು ಆ ದಿನ ಅಜ್ಜಿಯ ಮನೆಗೆ ಕಳಿಸಿ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಅಕ್ಕನ ಮನೆಗೆ ಇರುವುದು ಆಲಮಟ್ಟಿ ಹಿನ್ನೀರಿಗೆ ಬಿಟ್ಟುಕೊಟ್ಟ ಹಳೆ ಊರಿನ ಮನೆಯ ತಲಬಾಗಿಲು. ಮುಳುಗುವ ಮನೆಯಿಂದ ಕಿತ್ತು ಟ್ರ್ಯಾಕ್ಟರಿನಲ್ಲಿ ತಂದದ್ದು. ಅದರ ಮೇಲೆ ಐದು ಪದರ ಬಣ್ಣ ಇತ್ತು. ಮಾವ ಒಣಗಿದ್ದನ್ನೇ ಉಜ್ಜಲು ಕುಳಿತಾಗ ಅಕ್ಕ, "ಏನ್ರಿ, ಮನಿ ತುಂಬ ವಿಷ ಹಾರಸ್ತೀರೇನು? ನೀರ ಹಾಕ್ಕೊಂಡ ಕೆರೀರಿ" ಎಂದು ಗದರಿದಳು. ನಾಲ್ಕು ದಿನ ಕೆರೆದ ಮೇಲೆ ಕೆಳಗೆ ಸಿಕ್ಕ ಸಾಗವಾನಿ ಎಷ್ಟು ಸೊಗಸಾಗಿತ್ತೆಂದರೆ ಅದಕ್ಕೆ ಮತ್ತೆ ಬಣ್ಣ ಮುಟ್ಟಿಸಲು ಯಾರಿಗೂ ಮನಸ್ಸಾಗಲಿಲ್ಲ. ಅಗಸಿ ಎಣ್ಣೆ ಕುಡಿಸಿದರು.

ವಾರ್ನಿಶ್, ಪಿಯು, ಪಾಲಿಶ್

ಎಳೆಯೂ ಕಾಣಬೇಕು ಹೊಳಪೂ ಬೇಕು ಎನ್ನುವವರು ಇಲ್ಲಿಗೆ ಬರುತ್ತಾರೆ, ನಾನೂ ಬಂದಿದ್ದೆ. ತಿಳಿ ವಾರ್ನಿಶ್ ಕಿಡಕಿಯ ಗಾಜಿನ ಹಾಗೆ, ಬಿಸಿಲು ಅದರೊಳಗಿಂದ ಹಾಯ್ದು ಕೆಳಗಿನ ಕಟ್ಟಿಗೆಯನ್ನು ಕೆಡಿಸುತ್ತದೆ. ಕೆಟ್ಟ ನಾರಿನ ಮೇಲೆ ಪೊರೆ ಎಷ್ಟು ದಿನ ನಿಂತೀತು? ನೇರ ಬಿಸಿಲು ಮಳೆಯಲ್ಲಿ ಒಂದೆರಡು ವರ್ಷ. ಹೊರಾಂಗಣದ ಪಿಯು (ಪಾಲಿಯುರೆಥೇನ್) ಲೇಪಗಳಲ್ಲಿ ಕಿರಣ ತಡೆಯುವ ಅಂಶ ಇರುತ್ತದೆ, ಇನ್ನಷ್ಟು ತಾಳುತ್ತವೆ. ಆದರೆ ಸೋಲುವ ರೀತಿ ಅದೇ. ಒಂದು ಕಡೆ ಒಡೆದರೆ ನೀರು ಪೊರೆಯ ಕೆಳಗೆ ಹರಿದು ಎಲ್ಲ ಕಡೆ ಎಬ್ಬಿಸುತ್ತದೆ. ತೇಪೆ ಹಚ್ಚಿದರೆ ತೇಪೆ ಕಾಣುತ್ತದೆ, ಪೂರ್ತಿ ಉಜ್ಜಿ ಮೊದಲಿನಿಂದ ಮಾಡಬೇಕು.

ಹಾಗಂತ ನಾನು ಪಿಯು ಬೇಡ ಎನ್ನುವುದಿಲ್ಲ, ಏಣಿ ಬೇಕಾಗುವ ಕಡೆ ಬೇಡ ಎನ್ನುತ್ತೇನೆ. ಪೋರ್ಚಿನ ನೆರಳಿನಲ್ಲಿರುವ ತಲಬಾಗಿಲಿಗೆ ಧಾರಾಳವಾಗಿ ಹಚ್ಚಿಸಿ. ಬಾಗಿಲನ್ನು ತಿರುಗಣಿಯಿಂದ ಇಳಿಸಿ ಎರಡು ಸ್ಟೂಲಿನ ಮೇಲೆ ಮಲಗಿಸಿ ಉಜ್ಜಿದರೆ ಒಂದು ದಿನದ ಕೆಲಸ. ಹನ್ನೆರಡು ಅಡಿ ಎತ್ತರದ ಹಲಗೆ ಸಾಲಿಗೆ ಆ ಅನುಕೂಲ ಇಲ್ಲ.

ಅರಗಿನ ಸ್ಪಿರಿಟ್ ಪಾಲಿಶ್ ಹೊರಗೆ ಬೇಡವೇ ಬೇಡ. ನೀರು ಬಿದ್ದರೆ ಬೆಳ್ಳಗಾಗುತ್ತದೆ. ಮೆಲಮೈನ್ ಕೂಡ ಮನೆಯೊಳಗಿನ ಸಾಮಾನಿಗಷ್ಟೇ.

ಸುಟ್ಟ ಆಯಿಲ್, ಗೋಡಂಬಿ ಎಣ್ಣೆ

ಗ್ಯಾರೇಜಿನಿಂದ ಗಾಡಿಯ ಸುಟ್ಟ ಆಯಿಲ್ ತಂದು ತೊಲೆಗೆ, ದನದ ಕೊಟ್ಟಿಗೆಯ ಕಂಬಕ್ಕೆ ಬಳಿಯುವುದು ಹಳ್ಳಿಗಳಲ್ಲಿ ಈಗಲೂ ಇದೆ. ವರಲಿ, ಎಂದರೆ ಗೆದ್ದಲು, ಹತ್ತುವುದಿಲ್ಲ ಎಂಬ ನಂಬಿಕೆ. ಅದು ಎಂದಿಗೂ ಒಣಗುವುದಿಲ್ಲ, ಎಂಜಿನ್ನಿನಿಂದ ಬಂದ ಲೋಹದ ಅಂಶ ಅದರಲ್ಲಿರುತ್ತದೆ, ಮಳೆಗೆ ತೊಳೆದು ಅಂಗಳಕ್ಕೆ ಬಾವಿಗೆ ಸೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಮ್ಮೆ ಬಳಿದ ಕಟ್ಟಿಗೆಗೆ ಮುಂದೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಪುಕ್ಕಟೆ ಸಿಗುತ್ತದೆ ಎಂದು ಆ ಹಾದಿ ಹಿಡಿಯಬೇಡಿ.

ಗೋಡಂಬಿ ಸಿಪ್ಪೆಯ ಎಣ್ಣೆಯ ಮಾತು ಬೇರೆ. ಕರಾವಳಿಯಲ್ಲಿ ದೋಣಿಗಳಿಗೆ ಹಚ್ಚುತ್ತ ಬಂದ ಎಣ್ಣೆ ಅದು, ಹುಳಕ್ಕೂ ನೀರಿಗೂ ಗಟ್ಟಿ ಗೋಡೆ. ಬೆಳಗಾವಿಯವರಿಗೆ ಪಕ್ಕದ ಚಂದಗಡದ ಗೋಡಂಬಿ ಕಾರಖಾನೆಗಳ ಪರಿಚಯ ಇದ್ದರೆ ಸಿಗುವುದು ಕಷ್ಟವಲ್ಲ. ಕಟ್ಟಿಗೆ ಕರ್ರಗಾಗುತ್ತದೆ, ಹಸಿ ಎಣ್ಣೆ ಚರ್ಮಕ್ಕೆ ತಾಕಿದರೆ ಸುಟ್ಟಂತೆ ಗುಳ್ಳೆ ಏಳುತ್ತವೆ. ಕೈ ಮುಟ್ಟದ ಕಡೆಗೆ, ಅಂದರೆ ಹಂಚಿನ ಕೆಳಗಿನ ರೀಪು, ಬೇಲಿಯ ಗೂಟ, ಕಂಬದ ನೆಲದೊಳಗಿನ ಭಾಗಕ್ಕೆ ಸರಿ. ಬಾಗಿಲು ಕಿಡಕಿಗೆ ಬೇಡ.

ಮೊಳೆ, ತುದಿ, ಸಂದು

ನನ್ನ ಕಾಕಾನ ಮಗ ಅಮೆರಿಕದ ಸಿಯಾಟಲ್ ಹತ್ತಿರ ಇರುತ್ತಾನೆ. ಅವನ ಮನೆಯ ಹೊರಮೈ ಪೂರ್ತಿ ಸಿಡಾರ್ ಶೇಕ್, ಎಂದರೆ ಸಿಡಾರ್ ದಿಮ್ಮಿಯನ್ನು ಎಳೆಯ ಗುಂಟ ಸೀಳಿ ತೆಗೆದ ಒರಟು ಚಕ್ಕೆಗಳು. ಗರಗಸದಲ್ಲಿ ಎರಡೂ ಬದಿ ನುಣುಪಾಗಿ ಕೊಯ್ದರೆ ಅದನ್ನು ಶಿಂಗಲ್ ಎನ್ನುತ್ತಾರಂತೆ. ನಮ್ಮ ಹಲಗೆಗಳ ಹಾಗೆಯೇ ಸಾಲುಸಾಲಾಗಿ ಒಂದರ ಮೇಲೊಂದು ಹತ್ತಿಸಿ ಬಡಿದಿರುತ್ತಾರೆ. ಆ ಕಟ್ಟಿಗೆಯಲ್ಲಿ ಶಿಲೀಂಧ್ರ ತಡೆಯುವ ರಸ ಹುಟ್ಟಿನಿಂದಲೇ ಇದೆ, ಸಾಗವಾನಿಯಲ್ಲಿ ಇರುವಂತೆ. ವರ್ಷಗಳ ಮಳೆಗೆ ಮೇಲ್ಮೈಯಿಂದ ಅದು ತೊಳೆದುಹೋಗುತ್ತದೆ, ಆಗ ಮನುಷ್ಯ ಆರೈಕೆ ಮಾಡಬೇಕು. ಅವನೂ ನನ್ನ ಹಾಗೆ ಎಣ್ಣೆಯ ಸ್ಟೇನೋ ಬಣ್ಣವೋ ಎಂದು ತಲೆ ಕೆಡಿಸಿಕೊಂಡು ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಪ್ರತಿ ಮೊಳೆಯ ಕೆಳಗೆ ಕಾಡಿಗೆ ಅಳುವಿಗೆ ಇಳಿದಂತೆ ಕಪ್ಪು ಗೆರೆ. ನಾನು ಅಂಗಳಕ್ಕೆ ಹೋಗಿ ನಮ್ಮ ಹಲಗೆಯ ಫೋಟೋ ತೆಗೆದು ಕಳಿಸಿದೆ. ಅದೇ ಗೆರೆ, ಅದೇ ಜಾಗ.

ಕಟ್ಟಿಗೆಯ ಟ್ಯಾನಿನ್ ಮತ್ತು ಕಬ್ಬಿಣ ನೀರಿನಲ್ಲಿ ಕೂಡಿದರೆ ಮಸಿ ಹುಟ್ಟುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ರೀತಿಯಲ್ಲಿ. ಸಾದಾ ಕಬ್ಬಿಣದ ಮೊಳೆ ತೆಗೆಸಿ ಸ್ಟೇನ್‌ಲೆಸ್ ಸ್ಟೀಲಿನವನ್ನೋ ದಪ್ಪ ಜಿಂಕ್ ಲೇಪದವನ್ನೋ ಬಡಿಸಿ. ಈಗಾಗಲೇ ಆದ ಕಲೆ ಹೋಗಿಸಲು ಮೊಸಾಯಿಕ್ ಪಾಲಿಶ್ ಮಾಡುವವರು ಬಳಸುವ ಆಕ್ಸಾಲಿಕ್ ಆ್ಯಸಿಡ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಸವರಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಅದು ವಿಷ, ಕೈಗವಸು ಕಡ್ಡಾಯ. ಮೊಳೆ ಬದಲಿಸದೆ ಕಲೆ ತೆಗೆದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಹಲಗೆಯ ಅಡ್ಡ ಕೊಯ್ದ ತುದಿಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕಟ್ಟಿಗೆ ಎಂದರೆ ಉದ್ದಕ್ಕೆ ಜೋಡಿಸಿದ ಸಣ್ಣ ಕೊಳವೆಗಳ ಕಟ್ಟು. ಅಡ್ಡ ಕೊಯ್ದಲ್ಲಿ ಕೊಳವೆಗಳ ಬಾಯಿ ತೆರೆದಿರುತ್ತದೆ, ಅಗಲದ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಎಳೆಯುತ್ತದೆ. ನಮ್ಮ ಹಲಗೆಗಳಲ್ಲಿ ಕೊಳೆತದ್ದು ಎರಡೇ, ಎರಡೂ ತುದಿಯಿಂದ. ನೀವು ಯಾವುದನ್ನೇ ಆರಿಸಿ, ಬಾಗಿಲಿನ ಕೆಳ ಅಂಚು, ಹಲಗೆಯ ತುದಿ, ಕಂಬದ ಬುಡ ಇವಕ್ಕೆ ಬೇರೆ ಕಡೆ ಎರಡು ಕೈ ಹಚ್ಚಿದರೆ ನಾಲ್ಕು ಕೈ ಹಚ್ಚಿ. ಬಾಗಿಲು ಇಳಿಸದೆ ಕೆಳ ಅಂಚಿಗೆ ಬ್ರಶ್ ಹೋಗುವುದಿಲ್ಲ, ಇಳಿಸಲೇಬೇಕು.

ಒಂದರ ಮೇಲೊಂದು ಕೂತ ಹಲಗೆಗಳ ಕೆಳ ಸಂದಿಗೆ ಸಿಲಿಕೋನ್ ತುಂಬಿಸುವ ಉತ್ಸಾಹ ಕೆಲವರಿಗೆ ಇರುತ್ತದೆ. ದಯವಿಟ್ಟು ಬೇಡ. ಹಿಂದೆ ಹೋದ ನೀರು ಹೊರಗೆ ಬರುವ ದಾರಿ ಅದೊಂದೇ. ಹಾಗೆಯೇ ಕಾರು ತೊಳೆಯುವ ಪ್ರೆಶರ್ ಗನ್ನಿನಿಂದ ಹಲಗೆ ತೊಳೆಯಬೇಡಿ. ಸಿಯಾಟಲ್‌ನವನು ಅದನ್ನು ಮಾಡಿ ಚಕ್ಕೆಗಳ ಮೈಯೆಲ್ಲ ಹತ್ತಿಯಂತೆ ನವಿರೆಬ್ಬಿಸಿಕೊಂಡ, ಹಿಂದೆ ನೀರು ನುಗ್ಗಿದ್ದು ಬೇರೆ.

ವರಲಿಗೆ ಮೇಲೆ ಹಚ್ಚುವ ಲೇಪ ಔಷಧಿ ಅಲ್ಲ. ಅದು ನೆಲದಿಂದ ಮಣ್ಣಿನ ಸುರಂಗ ಕಟ್ಟಿಕೊಂಡು ಏರುತ್ತದೆ. ಚೌಕಟ್ಟಿನ ಬುಡದಲ್ಲಿ ಮಣ್ಣಿನ ಗೆರೆ ಕಂಡರೆ ಮೊದಲು ನೆಲಕ್ಕೆ ಮದ್ದು. ಬೋರಾಕ್ಸ್ ದ್ರಾವಣ ಕಟ್ಟಿಗೆಗೆ ಒಳ್ಳೆಯದೇ, ಆದರೆ ಮಳೆಗೆ ತೊಳೆದುಹೋಗುತ್ತದೆ. ಹಚ್ಚಿ ಒಣಗಿದ ಮೇಲೆ ಎಣ್ಣೆಯನ್ನೋ ಬಣ್ಣವನ್ನೋ ಮೇಲೆ ಮುಚ್ಚಬೇಕು.

ನಿಮ್ಮ ಊರು ಯಾವುದು?

ಬೆಳಗಾವಿ ನಗರ, ಖಾನಾಪುರ, ಜಾಂಬೋಟಿ ಕಡೆ ಮಳೆಯೇ ವೈರಿ. ಪಶ್ಚಿಮ, ನೈಋತ್ಯಕ್ಕೆ ಮುಖ ಮಾಡಿದ ಹಲಗೆ ಕಿಡಕಿಗೆ ಬಣ್ಣ ಕೂಡಿದ ಒಳಗಿಳಿಯುವ ಸ್ಟೇನ್, ಇಲ್ಲವೇ ಅಕ್ರಿಲಿಕ್ ಬಣ್ಣ. ಬರೀ ಅಗಸಿ ಎಣ್ಣೆ ಸೂರಿನ ಕೆಳಗೆ ನೆನೆಯದ ಕಡೆಗೆ ಮಾತ್ರ. ಉತ್ತರ, ಪೂರ್ವದ ಮಗ್ಗುಲಿಗೆ ಪಶ್ಚಿಮಕ್ಕೆ ಹಚ್ಚಿದಷ್ಟು ಸಲ ಬೇಕಾಗುವುದಿಲ್ಲ, ಮನೆ ಪೂರ್ತಿ ಒಂದೇ ಲೆಕ್ಕದಲ್ಲಿ ಹಚ್ಚಿಸಿ ದುಡ್ಡು ಕಳೆಯಬೇಡಿ.

ವಿಜಯಪುರದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಮಳೆ ಕಡಿಮೆ, ಬಿಸಿಲು ಬಹಳ, ಏಪ್ರಿಲ್ ಮೇ ತಿಂಗಳ ಒಣಗಾಳಿಗೆ ಕಟ್ಟಿಗೆ ಸೊರಗಿ ಬೆಸುಗೆ ಬಿಡುತ್ತದೆ. ಬೂಷ್ಟಿನ ಭಯವಿಲ್ಲದ್ದರಿಂದ ಕಾವಿ ಕೂಡಿಸಿದ ಅಗಸಿ ಎಣ್ಣೆ ಅಲ್ಲಿ ರಾಜ. ಕುಸುಬಿ, ಅಗಸಿ ಬೆಳೆಯುವ ಎರೆ ಹೊಲದ ನಾಡು, ಎಣ್ಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಣ್ಣವೇ ಬೇಕೆಂದರೆ ತಿಳಿ ಬಣ್ಣ ಆರಿಸಿ. ಕಡುಕಂದು ಬಾಗಿಲು ಪಶ್ಚಿಮದ ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತದೆ, ಬಿರುಕು ಬೇಗ ಬೀಳುತ್ತದೆ. ಬಾಗಲಕೋಟೆಯೂ ಹೆಚ್ಚುಕಡಿಮೆ ಇದೇ ಗುಂಪು.

ವಿಜಯಪುರಕ್ಕೆ ಹೋದಾಗ ಅಸರ್ ಮಹಲಿನ ಕಟ್ಟಿಗೆಯ ಕಂಬಗಳನ್ನು ನೋಡಿ ಬನ್ನಿ. 17ನೆಯ ಶತಮಾನದವು, ಎರಡು ಅಂತಸ್ತಿನ ಎತ್ತರಕ್ಕೆ ನಿಂತಿವೆ. ಮೇಲೆ ಚಾವಣಿ ಇದೆ, ಮುಂದೆ ತೆರೆದ ಗಾಳಿ ಇದೆ. ಮಳೆ ತಾಕದೆ, ತಾಕಿದರೂ ಬೇಗ ಆರುವ ಜಾಗದಲ್ಲಿ ಕಟ್ಟಿಗೆ ಎಷ್ಟು ಕಾಲ ನಿಲ್ಲಬಲ್ಲದು ಎನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಕಿಡಕಿಯ ಮೇಲೆ ಒಂದೂವರೆ ಅಡಿ ತಗಡಿನ ಸೂರು ಹಾಕಿಸಿದರೆ ಎಣ್ಣೆ ಬಣ್ಣದ ಖರ್ಚು ಅರ್ಧಕ್ಕೆ ಇಳಿದೀತು ಎಂದು ನನಗೆ ಅನ್ನಿಸುತ್ತದೆ.

ಹಲಗೆಯ ಗೊಡವೆಯೇ ಬೇಡ, ಫೈಬರ್ ಸಿಮೆಂಟ್ ಶೀಟ್ ಬಡಿದುಬಿಡಿ ಎನ್ನುವವರೂ ಇದ್ದಾರೆ. ದಬ್ಬಣ ಎಲ್ಲ ಕಡೆ ಇಳಿದರೆ ಅದೂ ಒಂದು ದಾರಿ. ಗಟ್ಟಿ ಸಾಗವಾನಿಯನ್ನು ಕಿತ್ತು 'ಹಳೆ ಕಟ್ಟಿಗೆ' ಎಂದು ಮಾರಿ ಶೀಟ್ ಹಾಕಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅಂಥ ಹಲಗೆ ಈಗ ಕೊಳ್ಳಲು ಹೋದರೆ ತಿಳಿಯುತ್ತದೆ.

ಸಮಯದ ವಿಷಯ. ದೀಪಾವಳಿ ಮುಗಿದು ಹಲಗೆ ಮೂರು ನಾಲ್ಕು ವಾರ ಒಣಗಿದ ಮೇಲೆ, ಹೋಳಿ ಹುಣ್ಣಿಮೆಯ ಒಳಗೆ ಕೆಲಸ ಮುಗಿಸಿ. ಬೇಸಿಗೆಯಲ್ಲಿ ಕಾದ ಹಲಗೆಗೆ ಹಚ್ಚಿದರೆ ಮೇಲೆ ಬೇಗ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಪೂರ್ವದ ಮಗ್ಗುಲಿಗೆ ಮಧ್ಯಾಹ್ನದ ಮೇಲೆ, ಪಶ್ಚಿಮಕ್ಕೆ ಬೆಳಿಗ್ಗೆ ಹಚ್ಚಿ, ಬಿಸಿಲು ಆ ಮಗ್ಗುಲಿಗೆ ಇಲ್ಲದ ಹೊತ್ತು ನೋಡಿಕೊಂಡು. ಮಿರಗದ ಮಳೆ ಎದುರಿಗಿಟ್ಟುಕೊಂಡು ಮೇ ಕೊನೆಗೆ ಅವಸರದಿಂದ ಹೊಡೆಸಿದ್ದು ಬಾಳಿದ್ದನ್ನು ನಾನು ನೋಡಿಲ್ಲ.

ಈಗ ನಮ್ಮ ಪಶ್ಚಿಮದ ಮಗ್ಗುಲಿಗೆ ಕಾವಿ ಬಣ್ಣದ ಹೊರಾಂಗಣದ ಸ್ಟೇನ್ ಇದೆ. ತಲಬಾಗಿಲಿಗೆ ಪಿಯು, ಹೊಸ್ತಿಲಿಗೆ ಅಗಸಿ ಎಣ್ಣೆ, ಹಿತ್ತಲಿನ ಕಿಡಕಿಗಳಿಗೆ ಹಸಿರು ಅಕ್ರಿಲಿಕ್. ಕೆಳಗಿನ ಸಾಲಿನ ಎಡ ತುದಿಯ ಒಂದು ಹಲಗೆಗೆ ಏನನ್ನೂ ಹಚ್ಚದೆ ಬಿಟ್ಟಿದ್ದೇನೆ. ಪ್ರತಿ ದೀಪಾವಳಿಗೆ ಅದರ ಪಕ್ಕದ ಹಲಗೆಗೂ ಅದಕ್ಕೂ ದಬ್ಬಣ ಚುಚ್ಚಿ ನೋಡಿ, ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ. ನಾಲ್ಕನೆಯ ವರ್ಷ, ಎರಡೂ ಗಟ್ಟಿ ಇವೆ. ಬಿಟ್ಟದ್ದು ಬೆಳ್ಳಿಯ ಬಣ್ಣಕ್ಕೆ ತಿರುಗಿದೆ, ಬಲ ತುದಿಯಲ್ಲಿ ಕೂದಲೆಳೆಯಷ್ಟು ಒಂದು ಸೀಳು ಬಿದ್ದಿದೆ.